ಗೋಡೆ ಉಳಿಸುವವರು ಹೆಸರನ್ನೂ ಉಳಿಸಲಿ

ಮಾನ್ಯ ಸಂಪಾದಕರೇ,

ನಮಸ್ಕಾರ. ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ ಇವೆರಡನ್ನೂ ದುರಸ್ತಿ ಮಾಡಬೇಕೋ, ಕೆಡವಿ ಹೊಸದಾಗಿ ಕಟ್ಟಬೇಕೋ ಎಂದು ಮೈಸೂರಿನಲ್ಲಿ ವರ್ಷಗಳಿಂದ ಮಾತು ನಡೆಯುತ್ತಲೇ ಇದೆ. ಆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಪತ್ರಗಳನ್ನೆಲ್ಲ ನಾನು ಓದಿದ್ದೇನೆ. ಎಲ್ಲರೂ ಗೋಡೆ, ತೊಲೆ, ಕಮಾನು, ಸುಣ್ಣದ ಗಾರೆ ಇವುಗಳ ಬಗ್ಗೆ ಬರೆಯುತ್ತಾರೆ. ಬರೆಯಬೇಕಾದದ್ದೇ. ನಾನು ಹೇಳಬೇಕೆಂದಿರುವುದು ಹೆಸರಿನ ವಿಷಯ. ಕಟ್ಟಡ ನಿಂತಿದ್ದು ಹೆಸರು ಮಾತ್ರ ಹೋದರೆ ಜನಕ್ಕೆ ಏನಾಗುತ್ತದೆ ಎನ್ನುವುದನ್ನು ನಾನು ಎರಡು ಊರಿನಲ್ಲಿ ಕಣ್ಣಾರೆ ನೋಡಿದ್ದೇನೆ. ಒಂದು ನಮ್ಮದೇ ಊರು. ಇನ್ನೊಂದು ಅಮೆರಿಕದ ಷಿಕಾಗೊ.

ನಾನು ಜವಳಿ ಅಂಗಡಿಯಲ್ಲಿ ದುಡಿದವನು. 1971ರಲ್ಲಿ, ಹದಿನೆಂಟನೇ ವಯಸ್ಸಿಗೆ, ಸಯ್ಯಾಜಿರಾವ್ ರಸ್ತೆಯ ಹತ್ತಿರದ ಒಂದು ಅಂಗಡಿಗೆ ಸೇರಿದೆ. ಅಲ್ಲೇ 42 ವರ್ಷ ಕಳೆದೆ. ಮೊದಲ ವರ್ಷ ಕಸ ಗುಡಿಸುವುದು, ನೀರು ತುಂಬುವುದು, ಬಟ್ಟೆಯ ತಾನುಗಳನ್ನು ಬಿಚ್ಚಿದವರ ಹಿಂದೆಯೇ ಸುತ್ತಿ ಇಡುವುದು. ಕೈಗೆ ಕತ್ತರಿ ಬಂದಿದ್ದು ಮೂರು ವರ್ಷ ಆದ ಮೇಲೆ. ಪಂಚೆ, ಟವಲ್ ವಿಭಾಗದಲ್ಲಿ ಬಹಳ ದಿನ ಇದ್ದೆ. ಆಮೇಲೆ ಸೀರೆ. ಕೆಳಗಡೆ ಒಂದು ಕಡೆ ಪಂಚೆ, ಶಲ್ಯ, ಇನ್ನೊಂದು ಕಡೆ ಸೀರೆ, ರವಿಕೆ ಕಣ. ಮಹಡಿಯ ಮೇಲೆ ರೆಡಿಮೇಡ್, ಶಾಲೆ ಮಕ್ಕಳ ಯೂನಿಫಾರಂ. ಮೂಲೆಯಲ್ಲಿ ಜಮಖಾನ, ಹೊದಿಕೆ, ಹಾಸಿಗೆ ಬಟ್ಟೆ. ಡಿಪಾರ್ಟ್‌ಮೆಂಟ್ ಸ್ಟೋರ್ ಎನ್ನುವ ಮಾತು ನಮ್ಮ ಬಾಯಲ್ಲಿ ಇರಲಿಲ್ಲ. ಆದರೆ ಹುಟ್ಟಿದ ಮಗುವಿನ ಕುಲಾವಿಯಿಂದ ಹಿಡಿದು ಮನೆಯ ಹಿರಿಯರು ತೀರಿಕೊಂಡಾಗ ಬೇಕಾಗುವ ಬಟ್ಟೆಯವರೆಗೆ ಎಲ್ಲವೂ ಒಂದೇ ಸೂರಿನಡಿ ಸಿಗುತ್ತಿತ್ತು.

ನಮ್ಮ ಯಜಮಾನರದ್ದು ಒಂದೇ ಕಟ್ಟುನಿಟ್ಟು. ಐವತ್ತು ಸೀರೆ ಬಿಚ್ಚಿಸಿ ಒಂದನ್ನೂ ತೆಗೆದುಕೊಳ್ಳದೆ ಎದ್ದು ಹೋದರೂ ಗಿರಾಕಿಯ ಮುಂದೆ ಮುಖ ಗಂಟು ಹಾಕಬಾರದು. "ಇವತ್ತು ಬರಿಗೈಲಿ ಹೋದವರು ನಾಳೆ ಮಗಳ ಮದುವೆಗೆ ಬರ್ತಾರೆ" ಅನ್ನುತ್ತಿದ್ದರು. ಬರುತ್ತಿದ್ದರು ಕೂಡ. ಮದುವೆ ಜವಳಿಗೆ ಬಂದ ಮನೆಯವರಿಗೆ ಪಕ್ಕದ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸುತ್ತಿದ್ದರು. ಶ್ರೀರಂಗಪಟ್ಟಣ, ಮಂಡ್ಯ, ನಂಜನಗೂಡು, ತಿ. ನರಸೀಪುರದ ಕಡೆಯಿಂದ ಬೆಳಗಿನ ಬಸ್ಸಿಗೆ ಬಂದವರು ಮಧ್ಯಾಹ್ನ ನಮ್ಮ ಅಂಗಡಿಯ ಮೂಲೆಯಲ್ಲೇ ಕುಳಿತು ಬುತ್ತಿ ಬಿಚ್ಚಿ ಊಟ ಮಾಡುತ್ತಿದ್ದರು. ಯಾರೂ ಬೇಡ ಅನ್ನುತ್ತಿರಲಿಲ್ಲ.

ಆ ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಮಾರಿದ ಮನೆಯವರಿಗೆ ಅವರದೇ ಕಷ್ಟಗಳಿದ್ದವು. ಅವರನ್ನು ನೋಯಿಸುವುದು ನನಗೆ ಬೇಡ. ಹಳೆಯ ಗಿರಾಕಿಗಳು ಇದನ್ನು ಓದಿದರೆ ಅವರಿಗೇ ಗೊತ್ತಾಗುತ್ತದೆ.

ಈಗ ಷಿಕಾಗೊ ವಿಷಯ. 2006ರ ಆಗಸ್ಟ್‌ನಲ್ಲಿ ಮಗಳ ಬಾಣಂತನಕ್ಕೆ ನಾನೂ ನನ್ನ ಹೆಂಡತಿಯೂ ಹೋದೆವು. ಮಗಳು, ಅಳಿಯ ಇದ್ದದ್ದು ಷಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿ. ಯಜಮಾನರು ಮೂರು ತಿಂಗಳು ರಜೆ ಕೊಟ್ಟರು. ಹೊರಡುವ ಹಿಂದಿನ ದಿನ ಗಲ್ಲಾದ ಹತ್ತಿರ ಕರೆದು, "ಅಲ್ಲಿ ದೊಡ್ಡ ದೊಡ್ಡ ಅಂಗಡಿ ಇವೆಯಂತೆ. ಹೇಗೆ ವ್ಯಾಪಾರ ಮಾಡ್ತಾರೆ ನೋಡ್ಕೊಂಡು ಬಾರಯ್ಯ" ಅಂದರು.

ಮೈಸೂರಿನವರಿಗೆ ಷಿಕಾಗೊ ಅಂದರೆ ಮೊದಲು ನೆನಪಾಗುವುದು ವಿವೇಕಾನಂದರು, ಅಲ್ವಾ. 1892ರಲ್ಲಿ ಅವರು ಮೈಸೂರಿಗೆ ಬಂದು ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು. ಮರುವರ್ಷ ಸೆಪ್ಟೆಂಬರ್ 11ರಂದು ಷಿಕಾಗೊದಲ್ಲಿ ಮಾತಾಡಿದರು. ಆ ಜಾಗ ತೋರಿಸು ಎಂದು ಅಳಿಯನನ್ನು ಕೇಳಿದೆ. ಒಂದು ಶನಿವಾರ ರೈಲಿನಲ್ಲಿ ಯೂನಿಯನ್ ಸ್ಟೇಷನ್ನಿಗೆ ಹೋಗಿ ಅಲ್ಲಿಂದ ನಡೆದೆವು. ವಿವೇಕಾನಂದರು ಮಾತಾಡಿದ ಕಟ್ಟಡ ಈಗ ಆರ್ಟ್ ಇನ್‌ಸ್ಟಿಟ್ಯೂಟ್. ಹೊರಗೆ ನಿಂತು ಕೈ ಮುಗಿದೆ. ಆಮೇಲೆ ಅಳಿಯ, "ಮಾವ, ಇಲ್ಲೇ ಹತ್ತಿರದಲ್ಲಿ ನಿಮಗೆ ಇಷ್ಟವಾಗುವ ಒಂದು ಅಂಗಡಿ ಇದೆ" ಎಂದು ಸ್ಟೇಟ್ ಸ್ಟ್ರೀಟ್‌ಗೆ ಕರೆದುಕೊಂಡು ಹೋದ. ಅದೇ ಮಾರ್ಷಲ್ ಫೀಲ್ಡ್ಸ್.

ಅದನ್ನು ಅಂಗಡಿ ಅನ್ನಲು ನನಗೆ ಧೈರ್ಯ ಬರಲಿಲ್ಲ. ಒಂದು ಇಡೀ ಬೀದಿಯ ಚೌಕವೇ ಒಂದು ಅಂಗಡಿ. ಒಳಗೆ ಹೋಗಿ ತಲೆ ಎತ್ತಿದರೆ ಮೇಲೆ ಬಣ್ಣದ ಗಾಜಿನ ಚಾವಣಿ. 1907ರಲ್ಲಿ ಟಿಫನಿ ಎನ್ನುವವರ ಕಡೆಯಿಂದ ಮಾಡಿಸಿದ್ದಂತೆ. 16 ಲಕ್ಷ ಗಾಜಿನ ಚೂರುಗಳನ್ನು ಕೈಯಲ್ಲಿ ಕೂರಿಸಿದ್ದಾರೆ. ನನಗೆ ನಮ್ಮ ಅರಮನೆಯ ಕಲ್ಯಾಣಮಂಟಪದ ನವಿಲಿನ ಗಾಜು ನೆನಪಾಯಿತು. ಅರಮನೆಗೆ ಅಂಥದ್ದು ಸರಿ. ಬಟ್ಟೆ ಮಾರುವ ಜಾಗಕ್ಕೂ ಯಾರೋ ಇಷ್ಟು ಮರ್ಯಾದೆ ಕೊಟ್ಟಿದ್ದಾರಲ್ಲ ಎಂದು ಕಣ್ಣಲ್ಲಿ ನೀರು ಬಂತು.

ಈ ಮಾರ್ಷಲ್ ಫೀಲ್ಡ್ ಯಾರು ಎಂದು ಅಳಿಯನನ್ನು ಕೇಳಿ ಕೇಳಿ ತಿಳಿದುಕೊಂಡೆ. ಆತ ಹಳ್ಳಿಯ ರೈತನ ಮಗ. ಹುಟ್ಟಿದ್ದು 1834ರಲ್ಲಿ, ಮ್ಯಾಸಚೂಸೆಟ್ಸ್‌ನ ಕಾನ್ವೆ ಎಂಬ ಊರಲ್ಲಿ. 1856ರಲ್ಲಿ ಷಿಕಾಗೊಗೆ ಬಂದಾಗ ಆತನೂ ನನ್ನ ಹಾಗೆ ಜವಳಿ ಅಂಗಡಿಯ ಆಳು. ದುಡ್ಡು ಉಳಿಸಲು ರಾತ್ರಿ ಅಂಗಡಿಯಲ್ಲೇ ಮಲಗುತ್ತಿದ್ದನಂತೆ. ಆಮೇಲೆ ಪಾಲುದಾರನಾದ. 1868ರಲ್ಲಿ ಸ್ಟೇಟ್ ಸ್ಟ್ರೀಟ್‌ಗೆ ಅಂಗಡಿ ಬಂತು. 1871ರಲ್ಲಿ ಊರಿಗೇ ಬೆಂಕಿ ಬಿದ್ದಾಗ ಅಂಗಡಿಯೂ ಸುಟ್ಟು ಹೋಯಿತು. ಕೆಲವೇ ವಾರದಲ್ಲಿ ಟ್ರಾಮ್ ಎಳೆಯುವ ಕುದುರೆಗಳ ಲಾಯದಲ್ಲಿ ಮತ್ತೆ ವ್ಯಾಪಾರ ಶುರು ಮಾಡಿದರು. 1877ರಲ್ಲಿ ಇನ್ನೊಮ್ಮೆ ಬೆಂಕಿ. ಮತ್ತೆ ಕಟ್ಟಿದರು. ಪಾಲುದಾರರು ಬದಲಾದಾಗಲೆಲ್ಲ ಬೋರ್ಡೂ ಬದಲಾಗುತ್ತಿತ್ತು. 1881ರಿಂದ ಅದು ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ. ಅಲ್ಲಿಂದ 125 ವರ್ಷ ಅದೇ ಹೆಸರು.

"ಆ ತಾಯಿಗೆ ಏನು ಬೇಕೋ ಅದನ್ನು ಕೊಡಿ" ಎನ್ನುವುದು ಆ ಅಂಗಡಿಯ ಮಾತು. ಬೇಡವಾದ ಸಾಮಾನನ್ನು ಗಿರಾಕಿ ವಾಪಸು ತಂದರೆ ವಾದ ಮಾಡದೆ ತಗೊಳ್ಳುತ್ತಿದ್ದರು. ಇದಕ್ಕಿಂತ ನನಗೆ ಹಿಡಿಸಿದ್ದು ಅಲ್ಲಿನ ಒಬ್ಬ ಹೆಣ್ಣುಮಗಳ ಕಥೆ. ಮಿಸೆಸ್ ಹೆರಿಂಗ್ ಎಂದು ಹೆಸರು. 1890ರ ಸುಮಾರಿಗೆ ಟೋಪಿ ವಿಭಾಗದಲ್ಲಿ ಕೆಲಸ. ಹಸಿದು ಸುಸ್ತಾದ ಗಿರಾಕಿಗಳನ್ನು ನೋಡಲಾರದೆ ತಾನು ಮನೆಯಿಂದ ತಂದ ಊಟವನ್ನೇ ಹಂಚಿದಳು. ಕೋಳಿಯ ಕಡುಬಿನಂಥ ತಿಂಡಿ ಅದು. ಅದರಿಂದಲೇ ಅಂಗಡಿಯೊಳಗೆ ಊಟದ ಕೋಣೆ ಬಂತು. ಏಳನೇ ಮಹಡಿಯಲ್ಲಿರುವ ವಾಲ್‌ನಟ್ ರೂಮ್ 1907ರದ್ದು. ಕ್ರಿಸ್‌ಮಸ್‌ಗೆ ಅಲ್ಲಿ ದೊಡ್ಡ ಮರ ನಿಲ್ಲಿಸುತ್ತಾರೆ. ಅಜ್ಜಿ, ಮಗಳು, ಮೊಮ್ಮಗಳು ಮೂರು ತಲೆಮಾರು ಒಟ್ಟಿಗೆ ಬಂದು ಅದರ ಕೆಳಗೆ ಊಟ ಮಾಡುತ್ತಾರೆ. ನಮ್ಮ ಕಡೆಯವರು ದಸರಾ ದೀಪ ನೋಡಲು ಬಂದು ಹಾಗೇ ಜವಳಿ ಮುಗಿಸಿಕೊಂಡು ಹೋಗುತ್ತಿದ್ದರಲ್ಲ, ಹಾಗೆ. ನಾವು ಆ ತಿಂಡಿ ತಿನ್ನುವವರಲ್ಲ. ಫ್ರಾಂಗೊ ಎಂಬ ಪುದೀನ ಚಾಕೊಲೇಟ್ ಒಂದು ಡಬ್ಬಿ ಕೊಂಡೆವು. ಹಸಿರು ಚೀಲದಲ್ಲಿ ಹಾಕಿಕೊಟ್ಟರು. ಮೇಲೆ ಅಂಗಡಿಯ ಹೆಸರು.

ಟವಲ್ ವಿಭಾಗದಲ್ಲಿ ಒಬ್ಬ ವಯಸ್ಸಾದ ಹೆಂಗಸು ಮಡಿಸುತ್ತಾ ನಿಂತಿದ್ದರು. ನಾನು ಸುಮ್ನೆ ನೋಡುತ್ತಾ ನಿಂತೆ. ಅಂಚಿಗೆ ಅಂಚು ಕೂಡಿಸಿ, ಅಂಗೈಯಲ್ಲಿ ಒಮ್ಮೆ ಸವರಿ, ಮಡಿಕೆಯ ಕಡೆಯನ್ನು ಗಿರಾಕಿಯ ಮುಖಕ್ಕೆ ಬರುವ ಹಾಗೆ ಇಡುತ್ತಿದ್ದರು. ನಾವೂ ಹಾಗೇ ಇಡುವುದು. ನಾನೂ ಒಂದನ್ನು ಎತ್ತಿಕೊಂಡು ಮಡಿಸಿಟ್ಟೆ. ಅವರಿಗೆ ತಕ್ಷಣ ಗೊತ್ತಾಯಿತು. ನಕ್ಕರು. ಎಷ್ಟು ವರ್ಷ ಎಂದು ಅಳಿಯನ ಕೈಲಿ ಕೇಳಿಸಿದರು. 35 ಎಂದೆ. ಅವರದ್ದು ಅದಕ್ಕಿಂತ ಸ್ವಲ್ಪ ಕಡಿಮೆ. ಆಮೇಲೆ ಅವರು ಹೇಳಿದ್ದನ್ನು ಅಳಿಯ ಕನ್ನಡದಲ್ಲಿ ಹೇಳಿದ. ಇನ್ನು ಕೆಲವೇ ದಿನ, ಆಮೇಲೆ ಈ ಅಂಗಡಿಯ ಹೆಸರು ಬೇರೆ. ನಾನು ಇದೇ ಜಾಗದಲ್ಲಿ ನಿಂತಿರುತ್ತೇನೆ, ಆದರೆ ಎಲ್ಲಿ ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ?

ಆ ಮಾತು ನನ್ನ ಎದೆಯಲ್ಲಿ ಹಾಗೇ ಕುಳಿತಿದೆ.

2006ರ ಸೆಪ್ಟೆಂಬರ್ 9, ಶನಿವಾರ, ನಾವು ಮತ್ತೆ ಹೋದೆವು. ಅಷ್ಟು ಹೊತ್ತಿಗೆ ಅದು ಮೇಸೀಸ್ ಆಗಿತ್ತು. ಅದು ನ್ಯೂಯಾರ್ಕ್ ಮೂಲದ ಹೆಸರು. ಹಿಂದಿನ ವರ್ಷ ಅಂಗಡಿ ಆ ಕಂಪನಿಯ ಕೈಗೆ ಹೋಗಿತ್ತು. ದೇಶದ ತುಂಬ ಒಂದೇ ಹೆಸರಿದ್ದರೆ ಜಾಹೀರಾತಿಗೂ ವ್ಯಾಪಾರಕ್ಕೂ ಅನುಕೂಲ ಎನ್ನುವುದು ಅವರ ಲೆಕ್ಕ. ವ್ಯಾಪಾರ ಬಲ್ಲ ಯಾರಿಗೂ ಆ ಲೆಕ್ಕ ಅರ್ಥವಾಗುತ್ತದೆ. ಅದೇ ದಿನ ಬೋಸ್ಟನ್ನಿನ ಫೈಲೀನ್ಸ್, ಪಿಟ್ಸ್‌ಬರ್ಗಿನ ಕೌಫ್‌ಮನ್ಸ್ ಹೀಗೆ ಒಂದೊಂದು ಊರಿನ ಒಂದೊಂದು ಹಳೆಯ ಹೆಸರೂ ಹೋಯಿತು. ಸುಮಾರು 400 ಅಂಗಡಿಗೆ ಒಂದೇ ದಿನ ಒಂದೇ ಬೋರ್ಡು.

ಷಿಕಾಗೊದ ಅಂಗಡಿಯ ಮೂಲೆಯಲ್ಲಿ ಒಂದು ಕಂಚಿನ ಗಡಿಯಾರವಿದೆ. 1897ರದ್ದು. 7 ಟನ್‌ಗಿಂತ ಜಾಸ್ತಿ ತೂಕ. "ಗಡಿಯಾರದ ಕೆಳಗೆ ಸಿಗೋಣ" ಎಂದು ಆ ಊರಿನವರು ಹೇಳಿಕೊಳ್ಳುತ್ತಾರಂತೆ. ಅವತ್ತು ಆ ಗಡಿಯಾರದ ಕೆಳಗೆ ಜನ ಸೇರಿದ್ದರು. ಕೈಯಲ್ಲಿ ಫಲಕ. ಹಳೆಯ ಹೆಸರು ವಾಪಸು ಬೇಕು ಎಂದು ಕೂಗುತ್ತಿದ್ದರು. ಬಹಳ ಜನ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ಕೆಲವರ ಕೈಯಲ್ಲಿ ಅದೇ ಹಸಿರು ಚೀಲ. ಅಂಗಡಿ ಮುಚ್ಚಿರಲಿಲ್ಲ. ಕೆಲಸದವರನ್ನು ಕಳಿಸಿರಲಿಲ್ಲ. ಗಾಜಿನ ಚಾವಣಿ, ವಾಲ್‌ನಟ್ ರೂಮ್, ಗಡಿಯಾರ ಎಲ್ಲ ಹಾಗೇ ಇದ್ದವು. ಹೋಗಿದ್ದು ಎರಡೇ ಮಾತು. ಅದಕ್ಕೆ ಇಷ್ಟು ಜನ ರಸ್ತೆಯಲ್ಲಿ ನಿಂತಿದ್ದಾರೆಯೇ ಎಂದು ನನಗೆ ಅವತ್ತು ಆಶ್ಚರ್ಯವಾಗಿತ್ತು. ವರ್ಷ ವರ್ಷವೂ ಅವರು ಹಾಗೆ ಬಂದು ನಿಲ್ಲುತ್ತಿದ್ದರು ಎಂದು ಮಗಳು ಆಮೇಲೆ ಹೇಳಿದಳು. ಅಷ್ಟು ಹೊತ್ತಿಗೆ ನನಗೆ ಆಶ್ಚರ್ಯ ಉಳಿದಿರಲಿಲ್ಲ. ಯಾಕೆಂದರೆ ನನ್ನ ಪಾಳಿಯೂ ಬಂದಿತ್ತು.

2013ರಲ್ಲಿ ನಮ್ಮ ಅಂಗಡಿ ಮಾರಾಟವಾಯಿತು. ಯಜಮಾನರು ಅದಕ್ಕೂ ಮುಂಚೆ ತೀರಿಕೊಂಡಿದ್ದರು. ಹೊಸಬರು ಗೋಡೆ ಕೆಡವಲಿಲ್ಲ. ಒಳಗಿನ ಮರದ ಬೀರು ತೆಗೆದು, ಗಾಜು ಕೂರಿಸಿ, ದೀಪ ಹಾಕಿ ಮೊಬೈಲ್ ಅಂಗಡಿ ಮಾಡಿದರು. ಬೋರ್ಡು ಇಳಿಸಿದ ಎರಡು ದಿನಕ್ಕೆ ನಾನು ಆ ಕಡೆ ಹೋದೆ. ಹನ್ನೆರಡು ಅಡಿ ಉದ್ದದ ಬೋರ್ಡು ಅದು. ನೀಲಿ ಬಣ್ಣದ ಮೇಲೆ ಹಳದಿ ಅಕ್ಷರ. ಎರಡು ವರ್ಷಕ್ಕೊಮ್ಮೆ ದಸರೆಗೆ ಮುಂಚೆ ಅದೇ ಪೇಂಟರ್ ಬಂದು ಅಕ್ಷರ ತಿದ್ದಿ ಹೋಗುತ್ತಿದ್ದ. ಅದನ್ನು ಅವರು ಮರಳಿನ ರಾಶಿಯ ಮೇಲೆ ಮಳೆಗೆ ಮುಚ್ಚಿದ್ದರು. ಅದರ ಮೇಲೆ ಒಂದು ಸಿಮೆಂಟ್ ಬಾಂಡ್ಲಿ. "ಇದನ್ನು ನಾನು ತಗೊಂಡು ಹೋಗಲಾ?" ಎಂದು ಮೇಸ್ತ್ರಿಯನ್ನು ಕೇಳಿದೆ. ತಗೊಂಡು ಹೋಗಿ ಯಜಮಾನ್ರೇ ಎಂದ. ಆಟೋದಲ್ಲಿ ಹಿಡಿಸಲಿಲ್ಲ. ಮರುದಿನ ಬೆಳಿಗ್ಗೆ ಗೂಡ್ಸ್ ಆಟೋ ಮಾಡಿಕೊಂಡು ಹೋದೆ. ಗುಜರಿಯವನು ರಾತ್ರಿಯೇ ಒಯ್ದಿದ್ದ. ಊರಲ್ಲಿರುವ ಗುಜರಿ ಅಂಗಡಿಗಳನ್ನೆಲ್ಲ ಎರಡು ದಿನ ಸುತ್ತಿದೆ. ಸಿಗಲಿಲ್ಲ. ಆ ರಾತ್ರಿ ಅಲ್ಲೇ ಯಾರನ್ನಾದರೂ ಕಾವಲು ನಿಲ್ಲಿಸಬೇಕಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಅದಾಗಿ ಒಂದು ವರ್ಷದ ಮೇಲೆ ಅದೇ ಜಾಗದಲ್ಲಿ ಟೀ ಕುಡಿಯುತ್ತಾ ನಿಂತಿದ್ದೆ. ಮಂಡ್ಯದ ಕಡೆಯ ಒಬ್ಬ ಅಜ್ಜಿ, ಜೊತೆಗೆ ಮಗಳು, ಮದುವೆ ಗೊತ್ತಾದ ಮೊಮ್ಮಗಳು. ಮೊಬೈಲ್ ಅಂಗಡಿಯ ಮುಂದೆ ನಿಂತು ಅತ್ತ ಇತ್ತ ನೋಡುತ್ತಿದ್ದರು. ಕೊನೆಗೆ ಅಜ್ಜಿ ನನ್ನನ್ನೇ ಕೇಳಿದರು. "ಅಣ್ಣ, ಇಲ್ಲೊಂದು ಜವ್ಳಿ ಅಂಗ್ಡಿ ಇತ್ತಲ್ಲ, ಎಲ್ಲಿಗೋಯ್ತು? ನನ್ ಧಾರೆ ಸೀರೇನೂ ಅಲ್ಲೇ ತಂದಿದ್ದು, ಇವಳ್ದೂ ಅಲ್ಲೇ." ಅಂಗಡಿ ಇಲ್ಲ ಕಣಮ್ಮ ಎಂದೆ. ಅವರು ಒಪ್ಪಲಿಲ್ಲ. ಜಾಗ ತಪ್ಪಿರಬೇಕು ಎಂದು ಮುಂದಿನ ತಿರುವಿನವರೆಗೆ ಹೋಗಿ ಹುಡುಕಿ ಬಂದರು. ಕಟ್ಟಡ ಅದೇ, ಮೆಟ್ಟಿಲೂ ಅದೇ. ಗೋಡೆಯ ಮೇಲೆ ಒಂದು ಅಂಗೈ ಅಗಲದ ಜಾಗದಲ್ಲಿ ಹಳೆಯ ಹೆಸರು ಇದ್ದಿದ್ದರೂ ಸಾಕಿತ್ತು, ಆ ಅಜ್ಜಿಗೆ ತನ್ನ ನೆನಪಿನ ಮೇಲೆ ಅನುಮಾನ ಬರುತ್ತಿರಲಿಲ್ಲ.

ಸಂಪಾದಕರೇ, ನಾನು ಹೇಳುವುದು ಇಷ್ಟೇ. ಅಂಗಡಿ ಮಾಲೀಕರದ್ದು. ಮಾರುವ ಹಕ್ಕು ಅವರದ್ದು. ಆದರೆ ಹೆಸರನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಸಾಕಿದ್ದು ಜನ. ಅದನ್ನು ಇಳಿಸುವಾಗ ಜನಕ್ಕೂ ಒಂದು ಮಾತು ಸಲ್ಲಬೇಕು.

ಹೆಸರನ್ನು ಕಾಪಾಡುವುದು ನಮಗೆ ಗೊತ್ತಿಲ್ಲದ ಕೆಲಸವೇನಲ್ಲ. ದೇವರಾಜ ಮಾರುಕಟ್ಟೆಯ ಒಳಗೇ ನಡೆಯಿರಿ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ. ಮೂರಕ್ಕೂ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಗುರುತು, ಇದೆ. ಮೈಸೂರು ರೇಷ್ಮೆಗಿದೆ, ಅಗರಬತ್ತಿಗಿದೆ, ಸ್ಯಾಂಡಲ್ ಸೋಪಿಗಿದೆ. ಬೇರೆ ಕಡೆಯ ಎಲೆಗೆ ಮೈಸೂರು ಎಲೆ ಎಂದು ಹೆಸರಿಟ್ಟು ಮಾರಬಾರದು ಎಂದು ಕಾನೂನೇ ಹೇಳುತ್ತದೆ. ಒಂದು ವೀಳ್ಯದೆಲೆಯ ಹೆಸರಿಗೆ ಇರುವ ರಕ್ಷಣೆ, ಆ ಎಲೆಯನ್ನು ತಲೆಮಾರುಗಳಿಂದ ಮಾರಿದ ಅಂಗಡಿಯ ಹೆಸರಿಗೆ ಇಲ್ಲ.

ಹೆಸರು ಹೋಗುವುದು ನಮಗೆ ಹೊಸದೂ ಅಲ್ಲ. 1913ರಲ್ಲಿ ಶುರುವಾದ ಮೈಸೂರು ಬ್ಯಾಂಕ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು. ನನ್ನ ಹೆಂಡತಿ ಇವತ್ತಿಗೂ ಪಾಸ್‌ಬುಕ್ ತಗೊಂಡು ಹೊರಟರೆ "ಮೈಸೂರ್ ಬ್ಯಾಂಕಿಗೆ ಹೋಗಿ ಬರ್ತೀನಿ" ಅಂತಲೇ ಹೇಳುತ್ತಾಳೆ. ಮಕ್ಕಳಿಗೆ ಅದು ಯಾವ ಬ್ಯಾಂಕ್ ಎಂದು ಈಗ ಬಿಡಿಸಿ ಹೇಳಬೇಕು.

ಲ್ಯಾನ್ಸ್‌ಡೌನ್ ಎನ್ನುವುದು ಬ್ರಿಟಿಷ್ ವೈಸ್‌ರಾಯ್ ಹೆಸರು, ಅದನ್ನು ಯಾಕೆ ಉಳಿಸಬೇಕು ಎಂದು ಕೆಲವರು ಕೇಳುತ್ತಾರೆ. ಆತ 1892ರಲ್ಲಿ ಮೈಸೂರಿಗೆ ಬಂದಿದ್ದ ನೆನಪಿಗೆ ಆ ಕಟ್ಟಡ. ಆ ವೈಸ್‌ರಾಯ್ ಮೇಲೆ ನನಗೂ ಪ್ರೀತಿಯೇನಿಲ್ಲ. ಆದರೆ ನನ್ನ ವಯಸ್ಸಿನ ಮೈಸೂರಿನವರಿಗೆ ಲ್ಯಾನ್ಸ್‌ಡೌನ್ ಅಂದರೆ ಜೂನ್ ತಿಂಗಳು. ಹಳೆಯ ಪಠ್ಯಪುಸ್ತಕಕ್ಕೆ ಅಲ್ಲಿಗೆ ಹೋಗುತ್ತಿದ್ದೆವು. ನನ್ನ ಮಗಳ ಪಿಯುಸಿ ಪುಸ್ತಕಗಳನ್ನು ಅರ್ಧ ಬೆಲೆಗೆ ಅಲ್ಲೇ ಕೊಂಡೆ. ಅವುಗಳನ್ನು ಓದಿಯೇ ಅವಳು ಇಂಜಿನಿಯರ್ ಆಗಿದ್ದು. ಆ ಹೆಸರಿನಿಂದ ವೈಸ್‌ರಾಯ್ ಯಾವತ್ತೋ ಇಳಿದು ಹೋದ. ಈಗ ಅದರಲ್ಲಿ ಇರುವುದು ಪುಸ್ತಕದ ಅಂಗಡಿಗಳ ನೆನಪು. ಮಾರ್ಷಲ್ ಫೀಲ್ಡ್ ಕೂಡ ದೇವರಂಥ ಮನುಷ್ಯನೇನಲ್ಲ. ಆತನಿಗೆ ಕಾರ್ಮಿಕ ಸಂಘ ಕಂಡರೆ ಆಗುತ್ತಿರಲಿಲ್ಲ. ಅಂಗಡಿಯ ಆಳಾಗಿದ್ದ ನನಗೆ ಅದು ಕೇಳಿ ಬೇಜಾರಾಯಿತು. ಗಡಿಯಾರದ ಕೆಳಗೆ ನಿಂತಿದ್ದವರು ಆ ಮನುಷ್ಯನಿಗಾಗಿ ನಿಂತಿರಲಿಲ್ಲ. ಅಮ್ಮನ ಕೈ ಹಿಡಿದು ಅಲ್ಲಿಗೆ ಬಂದ ದಿನಕ್ಕಾಗಿ ನಿಂತಿದ್ದರು.

ದೇವರಾಜ ಮಾರುಕಟ್ಟೆಯ ಮುಂದಿನ ಗಡಿಯಾರ ಕಂಬದ ಕಥೆ ಬೇರೆ. ಅದು ವೈಸ್‌ರಾಯ್ ಡಫರಿನ್ ನೆನಪಿಗೆ ಕಟ್ಟಿದ್ದು. ಆ ಹೆಸರನ್ನು ಯಾರೂ ಹೇಳುವುದಿಲ್ಲ. ಎಲ್ಲರಿಗೂ ಅದು ಚಿಕ್ಕ ಗಡಿಯಾರ. 1927ರಲ್ಲಿ ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ ಅರಮನೆಯ ನೌಕರರು ಸೇರಿ ಕಟ್ಟಿಸಿದ್ದು ದೊಡ್ಡ ಗಡಿಯಾರ. ಅದರ ಮುಖದ ಮೇಲೆ ಕನ್ನಡದ ಅಂಕಿಗಳು. ಈ ಎರಡು ಹೆಸರನ್ನೂ ಯಾರೂ ಕಾಯಬೇಕಾಗಿಲ್ಲ. ಅವು ಯಾರೊಬ್ಬರ ಆಸ್ತಿಯೂ ಅಲ್ಲ. ಅಂಗಡಿಯ ಹೆಸರಿಗೆ ಮಾಲೀಕ ಇರುತ್ತಾನೆ, ಅದಕ್ಕೇ ಅದು ಒಂದು ಸಹಿಗೆ ಹೋಗಿಬಿಡುತ್ತದೆ.

ಷಿಕಾಗೊದವರು ಪೂರ್ತಿ ಸೋಲಲಿಲ್ಲ. ಹೆಸರು ಬದಲಾಗುವ ಮುಂಚೆಯೇ, 2005ರಲ್ಲಿ, ಆ ಊರಿನ ನಗರಸಭೆ ಕಟ್ಟಡವನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತ್ತು. ಗೋಡೆಯ ಮೂಲೆಗಳಲ್ಲಿರುವ ಕಂಚಿನ ಫಲಕಗಳು ಹಾಗೇ ಉಳಿದವು. ಅವುಗಳ ಮೇಲೆ ಇವತ್ತಿಗೂ ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ ಎಂದೇ ಇದೆ. ಒಳಗೆ ಮೇಸೀಸ್, ಹೊರಗೆ ಹಳೆಯ ಹೆಸರು. ಎರಡೂ ಒಂದೇ ಗೋಡೆಯಲ್ಲಿ ಇವೆ, ಯಾರಿಗೂ ತೊಂದರೆಯಾಗಿಲ್ಲ. ನಾವು ಹೋದ ವರ್ಷವೇ ಹುಟ್ಟಿದ ಮೊಮ್ಮಗಳು ಈಗ ಕಾಲೇಜು ಓದುತ್ತಾಳೆ. ಆ ಫಲಕದ ಮೇಲೆ ಬೆರಳಿಟ್ಟು ಫೋಟೊ ತೆಗೆಸಿ ನನಗೆ ಕಳಿಸಿದ್ದಳು. "ತಾತ, ನೀವು ಹೇಳಿದ್ದು ಇದೇ ಅಲ್ವಾ?" ಎಂದು ಕೆಳಗೆ ಬರೆದಿದ್ದಳು.

ನಮ್ಮಲ್ಲೂ ಇದು ಸಾಧ್ಯ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆದ್ದರಿಂದ ಹಳೆಯದನ್ನು ಮುಟ್ಟಲೇಬಾರದು ಎಂದು ನಾನು ಹೇಳುವುದಿಲ್ಲ. ನನ್ನ ಆಸೆ ದುರಸ್ತಿಯೇ. ಗಟ್ಟಿಯಾಗಿ ನಿಲ್ಲಿಸುವ ದಾರಿ ಬಲ್ಲವರು ನಮ್ಮಲ್ಲೇ ಇದ್ದಾರೆ. ಏನೇ ತೀರ್ಮಾನವಾಗಲಿ, ಕೆಲಸ ಶುರುವಾಗುವ ಮುಂಚೆ ಅಲ್ಲಿರುವ ಹೆಸರಿನ ಕಲ್ಲು, ಇಸವಿಯ ಕಲ್ಲು, ಒಂದೊಂದು ಮಳಿಗೆಯ ಬೋರ್ಡು ಎಲ್ಲದರ ಫೋಟೊ ತೆಗೆದು ಲೆಕ್ಕ ಬರೆದಿಡಲಿ. ತೆಗೆಯಲೇಬೇಕಾದವನ್ನು ಜೋಪಾನವಾಗಿ ತೆಗೆದು, ಬೀಗ ಇರುವ ಕೋಣೆಯಲ್ಲಿ ಇಡಲಿ. ಮರಳಿನ ಮೇಲೆ ಮುಚ್ಚುವುದು ಬೇಡ. ಕೆಲಸ ಮುಗಿದ ಮೇಲೆ ದೇವರಾಜ ಮಾರುಕಟ್ಟೆ ದೇವರಾಜ ಮಾರುಕಟ್ಟೆಯಾಗಿಯೇ ಇರಲಿ. ದುಡ್ಡು ಕೊಟ್ಟವರ ಹೆಸರು, ಉದ್ಘಾಟನೆ ಮಾಡಿದವರ ಹೆಸರು ಅದರ ಮುಂದೆ ಬಂದು ಕೂರುವುದು ಬೇಡ.

ಖಾಸಗಿ ಅಂಗಡಿಗಳ ವಿಷಯದಲ್ಲಿ ಪಾಲಿಕೆ ಒಂದು ಸಣ್ಣ ಕೆಲಸ ಮಾಡಬಹುದು. ಐವತ್ತು ವರ್ಷ ದಾಟಿದ ಅಂಗಡಿ ಕೈ ಬದಲಾದಾಗ ಹೊಸಬರು ಲೈಸೆನ್ಸಿಗೆ ಬರಲೇಬೇಕಲ್ಲ. ಆಗ ಕೇಳಲಿ. ಹಳೆಯ ಹೆಸರು, ನಡೆದ ಇಸವಿ ಬರೆದ ಒಂದು ಪುಟ್ಟ ಫಲಕವನ್ನು ಬಾಗಿಲ ಪಕ್ಕ ಹಾಕಿಕೊಳ್ಳಿ ಎಂದು. ಒಂದು ಅಡಿ ಅಗಲ ಇದ್ದರೆ ಸಾಕು. ಹೊಸ ವ್ಯಾಪಾರಕ್ಕೆ ಅದರಿಂದ ನಷ್ಟವಿಲ್ಲ. ಹಳೆಯ ಗಿರಾಕಿ ಹುಡುಕಿಕೊಂಡು ಬಂದು ಅಲ್ಲೇ ನಿಂತರೆ ಒಳಗೂ ಒಂದು ಹೆಜ್ಜೆ ಇಡುತ್ತಾರೆ. ಇದನ್ನು ನಾನು 42 ವರ್ಷ ಬಾಗಿಲು ನೋಡುತ್ತಾ ನಿಂತವನಾಗಿ ಹೇಳುತ್ತಿದ್ದೇನೆ.

ಹಳೆಯ ಅಂಗಡಿಗಳನ್ನು ಕೊಳ್ಳುತ್ತಿರುವ ಹುಡುಗರಿಗೂ ಒಂದು ಮಾತು. ಬೋರ್ಡು ಇಳಿಸುವ ದಿನ ಹಳೆಯ ಕೆಲಸದವರಿಗೆ ಒಂದು ಫೋನ್ ಮಾಡಿ. ನಾವು ಬಂದು ತಗೊಂಡು ಹೋಗುತ್ತೇವೆ.

ಕೊನೆಗೆ ನಿಮ್ಮಲ್ಲಿ ಒಂದು ಕೋರಿಕೆ. ಮೈಸೂರಿನ ಮನೆಗಳಲ್ಲಿ ಹಳೆಯ ಅಂಗಡಿಗಳ ಬಿಲ್ಲು, ಬಟ್ಟೆಯ ಚೀಲ, ಪಂಚಾಂಗದ ಕ್ಯಾಲೆಂಡರ್, ಸೀರೆಯ ಪೆಟ್ಟಿಗೆ ಇನ್ನೂ ಇವೆ. ವಾರಕ್ಕೊಂದರಂತೆ ಅವುಗಳ ಚಿತ್ರವನ್ನು, ಕಳಿಸಿದವರ ನಾಲ್ಕು ಸಾಲಿನ ಜೊತೆ, ನಿಮ್ಮ ಪತ್ರಿಕೆಯಲ್ಲಿ ಹಾಕಿ. ಮಂಡ್ಯದ ಆ ಅಜ್ಜಿಯ ಮನೆಯಲ್ಲೂ ಒಂದು ಚೀಲ ಇರಬಹುದು.

ನನ್ನ ಹತ್ತಿರ ನಮ್ಮ ಅಂಗಡಿಯ ಬಿಲ್ ಪುಸ್ತಕದ ಎರಡು ಹಾಳೆ ಇವೆ. ನಾನು ಬಳಸುತ್ತಿದ್ದ ಮೀಟರ್ ಕಡ್ಡಿ ಇದೆ, ತುದಿಯ ಹಿತ್ತಾಳೆ ಸವೆದಿದೆ. ಷಿಕಾಗೊದ ಹಸಿರು ಚೀಲವೂ ಇದೆ, ಅದರಲ್ಲಿ ಮನೆಯ ಕಂದಾಯದ ರಸೀದಿಗಳನ್ನು ಇಟ್ಟಿದ್ದೇನೆ. ನೀವು ಹೇಳಿದರೆ ಮೂರನ್ನೂ ತಂದು ತೋರಿಸುತ್ತೇನೆ. ಬೆಳಿಗ್ಗೆ ಹತ್ತರ ಮೇಲೆ ಯಾವ ದಿನವಾದರೂ ಬರಬಲ್ಲೆ.

ಇಂತಿ ನಿಮ್ಮ ಓದುಗ,
ನಿವೃತ್ತ ಜವಳಿ ಅಂಗಡಿ ನೌಕರ
ಅಗ್ರಹಾರ, ಮೈಸೂರು